ಮೊದಲ ಸಾಲಿನ ಪರವಾನಗಿ

ಇಳಕಲ್ಲಿನ ಸೀರೆ ಕಾರ್ಖಾನೆಯೊಂದರಿಂದ ಫೋನು ಬಂದಾಗ ನಾನು ಬಾಗಲಕೋಟೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. "ನಮ್ಮ ನಕ್ಷಿ ಹೊರಗ ಹೊಂಟಾವ್ರಿ, ಬಂದು ಕಂಪ್ಯೂಟರಿಗೆ ಬಂದೋಬಸ್ತ ಮಾಡ್ರಿ" ಎಂದರು ಸಾಹುಕಾರರು. ದಡಿ, ಸೆರಗಿನ ಹೊಸ ವಿನ್ಯಾಸಗಳು ಅವರ ಮಗ್ಗದಿಂದ ಇಳಿಯುವ ಮೊದಲೇ ಬೇರೆಯವರ ಪವರ್‌ಲೂಮಿನಲ್ಲಿ ಓಡುತ್ತಿದ್ದವಂತೆ. ಅನುಮಾನವೆಲ್ಲ ಅವನ್ನು ಬರೆಯುವ ಹೆಣ್ಣುಮಗಳ ಮೇಲೆ. ಇನ್ನೊಂದು ಸಲ ಹೀಗಾದರೆ ಅವಳನ್ನು ಮನೆಗೆ ಕಳಿಸುವುದೇ ಸೈ ಎಂದು ಆಗಲೇ ಎಲ್ಲರೆದುರು ಹೇಳಿಬಿಟ್ಟಿದ್ದರು.

ಹುನಗುಂದದ ಮೇಲೆ ಬಸ್ಸು ಹಿಡಿದು ಹೋದೆ. ಆ ಹೆಣ್ಣುಮಗಳು ನೇಕಾರರ ಮನೆಯವಳು. ಕಂಪ್ಯೂಟರಿನ ಪರದೆಯ ಮೇಲೆ ಗೋಮಿ ಎಂಬ ದಡಿಯ ಚೌಕಗಳನ್ನು ತಿದ್ದುತ್ತಲೇ ಮಾತಾಡಿದಳು. "ಅಕ್ಕಾರ, ನನ್ನ ಕಂಪ್ಯೂಟರಿಗೆ ಹೊರಗಿನ ದಾರಿ ಎಲ್ಲಾ ಮುಚ್ಚಿಬಿಡ್ರಿ. ಆಮ್ಯಾಲೂ ಹೋದ್ರ ನಾ ಅಲ್ಲ ಅಂತರ ಗೊತ್ತಾಗ್ಲಿ." ತನ್ನ ಕೈ ತಾನೇ ಕಟ್ಟಿಸಿಕೊಳ್ಳುವ ಕಳ್ಳರನ್ನು ನಾನಂತೂ ಕಂಡಿಲ್ಲ. ಅವಳಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಕಾರ್ಖಾನೆಯ ಕಂಪ್ಯೂಟರುಗಳ ತಂತಿಗಳೆಲ್ಲ ಒಂದು ಸ್ವಿಚ್ಚಿಗೆ ಬಂದು ಸೇರುತ್ತವೆ. ಯಾವುದು ಯಾವುದರ ಹತ್ತಿರ ಹೋಗಬಹುದು, ಯಾವುದು ಹೋಗಬಾರದು ಎಂದು ಅದರೊಳಗೆ ಸಾಲು ಸಾಲಾಗಿ ಬರೆಯುವುದು ನನ್ನ ಕೆಲಸ. ಸ್ವಿಚ್ಚು ಆ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ತನಗೆ ಹೊಂದುವ ಮೊದಲ ಸಾಲು ಸಿಕ್ಕರೆ ಸಾಕು, ಅದರಂತೆ ನಡೆದು ಮುಂದಿನದನ್ನು ಓದುವುದೇ ಇಲ್ಲ. ಆದ್ದರಿಂದ ಸಾಲುಗಳ ಅನುಕ್ರಮವೇ ಎಲ್ಲ. ಆಫೀಸಿನ ಯಾವ ಕಂಪ್ಯೂಟರೂ ನಕ್ಷೆಗಳನ್ನೆಲ್ಲ ಕೂಡಿಟ್ಟ ಕಂಪ್ಯೂಟರನ್ನು, ಅಂದರೆ ನಕ್ಷೆಗಳ ಕಪಾಟನ್ನು, ಮುಟ್ಟಕೂಡದು ಎಂಬುದನ್ನೇ ನಾನು ಮೊದಲ ಸಾಲಾಗಿ ಬರೆದು, ಪಟ್ಟಿಯನ್ನು ಕಾಗದದ ಮೇಲೆ ಸಾಹುಕಾರರಿಗೆ ತೋರಿಸಿದೆ.

ಕನ್ನಡಕ ಏರಿಸಿ ಓದಿದವರು ಕಾಗದ ಕೆಳಗಿಟ್ಟರು. "ಮೊದಲನೇದ ಬ್ಯಾಡ ಅಂತ ಐತಲ್ಲರಿ."

"ಹೌದ್ರಿ, ಹಂಗ ಇರಬೇಕು."

"ಅರವೀ ವ್ಯಾಪಾರದಾಗ ಬೋಣಿಗಿ ಆಗೂ ಮುಂಚೆ ಯಾರಿಗೂ ಇಲ್ಲ ಅನ್ನಂಗಿಲ್ಲರಿ. ನಮ್ಮಪ್ಪನ ಕಾಲದಿಂದ ಹಿಂಗ ಐತಿ. ಮೊದಲ ಹೂಂ ಅಂತ ಬರೀರಿ, ಆಮ್ಯಾಲ ಏನರ ಬರಕೋರಿ."

ಸ್ವಿಚ್ಚಿಗೆ ಬೋಣಿಗೆ ಎಲ್ಲಿಂದ ಬರಬೇಕು? ಆದರೂ ಸಿಟ್ಟು ನುಂಗಿಕೊಂಡು, ಹಾಗಾದರೆ ವಿನ್ಯಾಸದ ಕೋಣೆಗೆ ಹೂಂ ಎನ್ನುವ ಸಾಲಿನಿಂದಲೇ ಶುರು ಮಾಡುತ್ತೇನೆ ಎಂದೆ. "ಹಿರ್ಯಾರು ಕುಂತಿರೂಮುಂದ ಅಕೀದ ಯಾಕ ಮೊದಲ? ನಂದ ಬರೀರಿ. ಗಾದಿ ಮ್ಯಾಲಿನ ಕಂಪ್ಯೂಟರಿಗೆ ಎಲ್ಲಾ ಬಿಡ್ರಿ." ಅದು ದೊಡ್ಡ ಕಂಡಿಯಾಗುತ್ತದೆ ಎಂದು ಎರಡು ಸಲ ಹೇಳಿದೆ, ಹೇಗೆ ಎಂದು ಬಿಡಿಸಿ ಹೇಳಲಿಲ್ಲ. ಅವರು ಎರಡು ಸಲ ಚಹಾ ತರಿಸಿದರು. ನಾಲ್ಕು ಗಂಟೆಯ ಬಸ್ಸು ಹತ್ತಿರವಾಗುತ್ತಿತ್ತು, ನನಗೆ ತಲೆ ಚಿಟ್ಟು ಹಿಡಿದಿತ್ತು. ಹಾಳಾಗಿ ಹೋಗಲಿ ಎಂದು ಹಾಗೇ ಬರೆದು, ಅವಳ ಕಂಪ್ಯೂಟರಿನ ಹೊರದಾರಿ ಮುಚ್ಚುವ ಸಾಲನ್ನೂ ಉಳಿದವನ್ನೂ ಅದರ ಕೆಳಗೆ ಹಾಕಿದೆ.

ಕೆಲವು ವಾರಗಳ ಮೇಲೆ, ಎಲ್ಲ ಸರಿಯಿದೆಯೇ ಎಂದು ಕೇಳಲು ಫೋನು ಮಾಡಿದೆ. "ಮತ್ತೊಂದು ನಕ್ಷಿ ಹೋತ್ರಿ" ಎಂದರು ಸಾಹುಕಾರರು. "ನೀವು ಎಲ್ಲಾ ದಾರಿ ಮುಚ್ಚೀರಿ, ಅಂದ್ರ ಅಕಿ ತಲಿಯಾಗ ಇಟಗೊಂಡು ಒಯ್ದಾಳ. ಮನಿಗೆ ಕಳಿಸಿದೆ." ನನ್ನ ಕೆಲಸವನ್ನೇ ಅವಳ ಮೇಲಿನ ಸಾಕ್ಷಿ ಮಾಡಿದ್ದರು. ಮೈ ಉರಿದುಹೋಯಿತು. ಮರುದಿನವೇ ಹೋಗಿ ಸ್ವಿಚ್ಚು ತೆರೆದೆ.

ಯಾವ ಸಾಲು ಯಾವಾಗ, ಎಷ್ಟು ಸಲ ಬಳಕೆಯಾಯಿತು ಎಂದು ಸ್ವಿಚ್ಚು ಬರೆದಿಟ್ಟುಕೊಂಡಿರುತ್ತದೆ. ಮೊದಲ ಸಾಲಿನಿಂದಲೇ ಗಾದಿಯ ಕಂಪ್ಯೂಟರು ನಕ್ಷೆಗಳ ಕಪಾಟಿಗೆ ಹೋಗಿತ್ತು, ಅದೂ, ತಾರೀಖು ತೋರಿಸಿದಾಗ ಅವರೇ ಹೇಳಿದಂತೆ, ಬಾದಾಮಿಯ ಬೀಗರ ಮದುವೆಗೆಂದು ಸಾಹುಕಾರರು ಊರಲ್ಲಿರದ ದಿನಗಳಲ್ಲೇ. ಆ ದಿನಗಳಲ್ಲಿ ಗಾದಿಯ ಮೇಲೆ ಕೂತವರು ಯಾರು ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಗಾದಿಯ ಮೇಲಿಟ್ಟರು. "ನಮ್ಮ ಅಳ್ಯಾರು" ಎಂದರು. ಆಮೇಲೆ ಬಾಗಿಲು ಮುಚ್ಚಿದರು. "ಮನಿ ಮಾತರಿ ಇದು. ಆ ಸಾಲು ತೆಗದುಬಿಡ್ರಿ. ಅಕೀನ ಹೊಳ್ಳಿ ಕರಸ್ತೇನಿ, ಆದ್ರ ಯಾಕಂತ ಯಾರಿಗೂ ಹೇಳೂದಿಲ್ಲ."

"ಕಳ್ಳಿ ಅಂದದ್ದು ಎಲ್ಲಾರ ಮುಂದ. ತಪ್ಪಾತು ಅನ್ನೂದೂ ಎಲ್ಲಾರ ಮುಂದ ಆಗಬೇಕ್ರಿ" ಎಂದೆ. ನನ್ನ ದನಿ ಏರಿತ್ತು. ಅವರು ಹಳೆಯ ಸೀರೆಯೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದರು. ನಾನು ಆ ಸಾಲು ಅಳಿಸಿ, ಬ್ಯಾಗು ಎತ್ತಿಕೊಂಡು ಅವಳ ಮನೆಗೆ ನಡೆದೆ.

ಅವಳು ತಾಯಿಯ ಕುಣಿಮಗ್ಗದಲ್ಲಿ ಕೂತು ನೇಯುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಸಾಹುಕಾರರು, ಅಳಿಯ, ಬೋಣಿಗೆ ಎಲ್ಲರನ್ನೂ ಬಾಯಿ ತುಂಬ ಬೈದೆ. ನನ್ನ ಬೈಗುಳ ಮುಗಿಯುವವರೆಗೂ ಅವಳು ಲಾಳಿ ಓಡಿಸುತ್ತಲೇ ಇದ್ದಳು.

"ಅದು ಕಂಡಿ ಆಗ್ತೈತಿ ಅಂತ ಬರಿಯೂಮುಂದ ನಿಮಗ ಗೊತ್ತಿತ್ತೇನ್ರಿ ಅಕ್ಕಾರ?"

"ಗೊತ್ತಿತ್ತು" ಎಂದೆ.

ಅವಳು ಮಗ್ಗ ನಿಲ್ಲಿಸಿದಳು. "ಸಾಹುಕಾರರಿಗೆ ಗೊತ್ತಿರಲಿಲ್ಲರಿ" ಎಂದಳು.