ರವೀಂದ್ರ ಕೇಳಿ ಪಡೆದ ರಾತ್ರಿ ಪಾಳಿ

ರಾತ್ರಿ ಪಾಳಿ ಮುಗಿಸಿದ ರವೀಂದ್ರ ಕಾರ್ಗಲ್ಲಿನ ಕಾಲೊನಿ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದಾಗ, ಹೆಂಡತಿ ಕವನಾ ಪಕ್ಕದ ಮನೆಯ ಹಾಲಮ್ಮನ ಜೊತೆ ಬೇಲಿಯ ಬಳಿ ಮಾತಾಡುತ್ತಿದ್ದಳು. ಹಾಲಮ್ಮನ ಗಂಡ ಮಂಜುನಾಥಪ್ಪನೂ ರವೀಂದ್ರನಂತೆ ವಿದ್ಯುದಾಗಾರದಲ್ಲಿ ಆಪರೇಟರ್.

"ನಿಮ್ ಯಜಮಾನ್ರಿಗೆ ಪುಣ್ಯ ಬರ್ಲಿ ಮಾರಾಯ್ತಿ," ಎಂದರು ಹಾಲಮ್ಮ. "ನಮ್ಮನೆಯವ್ರ ನೈಟ್ ಶಿಫ್ಟೆಲ್ಲ ಇವ್ರೇ ಕೇಳಿ ತಗಂಡ್ರು. ಈಗ ದಿನಾ ರಾತ್ರಿ ಗೊರಕೆ ಕೇಳೋ ಭಾಗ್ಯ ನಂದು!"

ಕವನಾ ನಕ್ಕಳು. ರವೀಂದ್ರನತ್ತ ನೋಡಲಿಲ್ಲ. ರಾತ್ರಿ ಪಾಳಿ ಮೇಲಿನವರು ಹಾಕುತ್ತಾರೆ, ಇಲ್ಲ ಎನ್ನುವಂತಿಲ್ಲ ಎಂದೇ ಅವನು ಅವಳಿಗೆ ಹೇಳಿಕೊಂಡು ಬಂದಿದ್ದ.

ಅವನು ಅರಳಸುರಳಿ ಕಡೆಯವನು, ನಲವತ್ತು ದಾಟಿದೆ. ಕೊರೊನಾದ ಎರಡನೇ ಅಲೆಯಲ್ಲಿ ಜ್ವರ ಬಂದು ಹಿಂದಿನ ಕೋಣೆಯಲ್ಲಿ ಒಬ್ಬನೇ ಮಲಗಿದ್ದ. ಕವನಾ ಬಾಗಿಲ ಹೊರಗೆ ಗಂಜಿ ಇಟ್ಟು ಹೋಗುತ್ತಿದ್ದಳು. ಜ್ವರ ಬಿಟ್ಟಿತು, ನಾಲಿಗೆಗೆ ರುಚಿ ಬಂತು, ಮಳೆ ಹಿಡಿಯುವ ಹೊತ್ತಿಗೆ ಅವನ ಹಾಸಿಗೆಯೂ ಹೆಂಡತಿಯ ಕೋಣೆಗೆ ಮರಳಿತು. ಆದರೆ ಮನಸ್ಸಿದ್ದರೂ ದೇಹ ಒದಗಲಿಲ್ಲ. ಮೊದಲ ಸಲ ಸುಸ್ತು ಎಂದ. ಮತ್ತೆ ಮತ್ತೆ ಹಾಗೇ ಆದಾಗ ಆಚೆ ತಿರುಗಿ ಮಲಗತೊಡಗಿದ.

ವಿದ್ಯುದಾಗಾರದಲ್ಲಿ ಪಾಳಿ ಅದಲುಬದಲು ಮಾಡಿಕೊಳ್ಳುವುದು ವಾಡಿಕೆ. ಮನೆಯಲ್ಲಿ ಮದುವೆಯೋ ತಿಥಿಯೋ ಇದ್ದವರು ಕೇಳುತ್ತಾರೆ, ಉಳಿದವರು ಒಪ್ಪುತ್ತಾರೆ. ರವೀಂದ್ರ ಮಾತ್ರ ಯಾರೂ ಕೇಳದಿದ್ದರೂ ಅವರ ರಾತ್ರಿಗಳನ್ನು ತಾನು ತೆಗೆದುಕೊಳ್ಳತೊಡಗಿದ.

ಒಳಗೆ ಕವನಾ ಕಾಫಿ ಲೋಟ ಮುಂದಿಟ್ಟು ಎದುರೇ ಕೂತಳು.

"ನಾನು ಬ್ಯಾಡ ಆದ್ನಾ ನಿಮ್ಗೆ?"

"ಎಂಥ ಮಾತು ಇದು."

"ಮತ್ತೆಂಥ? ಕೇಳಿ ಕೇಳಿ ರಾತ್ರಿ ಹೊರಗಿರೋ ಗಂಡನ್ನ ನೋಡಿ ಹೆಂಡ್ತಿ ಎಂಥ ಅಂದ್ಕಬೇಕು?"

ಅವನು ಲೋಟ ತಿರುಗಿಸುತ್ತ ಕೂತ. "ಆಗ್ತಾ ಇಲ್ಲ ಕವನಾ. ಆ ಜ್ವರ ಬಂದ್ಮೇಲೆ ಆಗ್ತಾನೇ ಇಲ್ಲ. ನಿಂಗೇ ಗೊತ್ತಲ್ಲ."

"ನಂಗೆ ಗೊತ್ತಿರೋದು ನೀವು ಆಚೆ ತಿರುಗಿ ಮಲಗಿದ್ದು. ನನ್ ಮೇಲೇ ಮನ್ಸಿಲ್ಲ ಅಂದ್ಕಂಡಿದ್ದೆ." ಅವಳು ಅವನ ಪಕ್ಕಕ್ಕೆ ಸರಿದು ಕೂತಳು. "ಅಲ್ಲಿ ಮಷಿನ್ ಸೌಂಡ್ ಬದ್ಲಾದ್ರೆ ಓಡಿ ಹೇಳ್ತೀರಲ್ರೀ, ಇದನ್ಯಾಕೆ ಮುಚ್ಚಿಟ್ಕಂಡ್ರಿ? ಡಾಕ್ಟ್ರ ಹತ್ರ ಹೋಗನ."

"ಅವ್ರ ಹತ್ರ ಎಂಥ ಅಂತ ಹೇಳೂದು?"

"ಈಗ ನಂಗೆ ಹೇಳಿದ್ರಲ್ಲ, ಹಂಗೇ."

"ಇಲ್ಲಿ ಬ್ಯಾಡ ಮತ್ತೆ. ಕಾಲೊನಿಗೆಲ್ಲ ಗೊತ್ತಾಗತ್ತೆ."

"ಸಾಗರಕ್ಕೇ ಹೋಗನ. ಹಾಲಮ್ಮ ಕೇಳಿದ್ರೆ ಸೀರೆ ತಗಳಕ್ಕೆ ಅಂತೀನಿ. ಸೀರೆ ಕೊಡ್ಸಬೇಕಾಗತ್ತೆ ಮತ್ತೆ, ನೋಡ್ಕಳಿ."

ರವೀಂದ್ರ ನಕ್ಕ. ಕಾಫಿ ಆರಿತ್ತು, ಹಾಗೇ ಕುಡಿದ.

ಗುರುವಾರ ಇಬ್ಬರೂ ಸಾಗರದ ಬಸ್ಸು ಹತ್ತಿದರು. ಅಲ್ಲಿ ವೈದ್ಯರು ಬಿಪಿ ನೋಡಿ, ಸಕ್ಕರೆ ಪರೀಕ್ಷೆಗೆ ಬರೆದುಕೊಟ್ಟರು. ಕೊರೊನಾ ಬಂದುಹೋದ ಕೆಲವು ಗಂಡಸರು ಇದನ್ನೇ ಹೇಳಿಕೊಂಡು ಬರುತ್ತಾರೆ, ಬೇರೆ ಕಾರಣವೂ ಇರಬಹುದು, ಚಿಕಿತ್ಸೆ ಇದೆ ಎಂದರು. ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದರು.

ಮುಂದಿನ ವಾರದ ರಾತ್ರಿ ಪಾಳಿಯನ್ನು ರವೀಂದ್ರ ಮಂಜುನಾಥಪ್ಪನಿಗೆ ವಾಪಸು ಕೊಟ್ಟ.