ಮೂರು ಗುಂಡಿಯ ಜೇಬು

ಬೆಳಗಿನ ಆರು ಗಂಟೆ. ಓಬಳಾಪುರದ ಬಸ್ ಸ್ಟಾಪಿನ ಪಕ್ಕದಲ್ಲಿ ಬಿಳಿ ವ್ಯಾನೊಂದು ನಿಂತಿದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬರು ಹಳೆಯ ಜೀನ್ಸ್ ತುಂಡಿನಿಂದ ಅದರ ಮುಂಗಾಜನ್ನು ಉಜ್ಜುತ್ತಿದ್ದಾರೆ. ಇಲ್ಲಿಯ ಕೆಂಪು ದೂಳು ಒಂದೇ ಸಲಕ್ಕೆ ಬಿಡುವ ಜಾತಿಯದಲ್ಲ. ಮೂರನೆಯ ಸಲ ಒರೆಸಿದ ಮೇಲೆ ಅವರು ಫೋನು ತೆಗೆದು ಒಮ್ಮೆ ನೋಡುತ್ತಾರೆ. ಡ್ರೈವರ್ ಸೀಟಿನ ಬೆನ್ನಿಗೆ, ಹಿಂಬದಿಯಲ್ಲಿ, ಜೀನ್ಸಿನ ಜೇಬೊಂದನ್ನು ಹೊಲಿಯಲಾಗಿದೆ. ಫೋನು ಅದರೊಳಗೆ ಹೋಗುತ್ತದೆ. ಅದರ ಬಾಯಿಗೆ ಒಂದಾದ ಮೇಲೊಂದು ಮೂರು ಹಿತ್ತಾಳೆ ಗುಂಡಿ ಹಾಕುತ್ತಾರೆ. ಆಮೇಲೆ ನನ್ನತ್ತ ಕೈ ಚಾಚುತ್ತಾರೆ.

"ನಿಮ್ದೂ ಕೊಡ್ರಿ."

ಕೊಡದೆ ಏನು ಮಾಡಲಿ! ಬಳ್ಳಾರಿಯಿಂದ ಇಲ್ಲಿಯತನಕ ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, ಬೈಕಿನ ಮೇಲೆ ಹರಟುತ್ತಲೇ ಬಂದ ಪುಣ್ಯಾತ್ಮ ನಾನು. ಗುಂಡಿಗಳನ್ನು ಬಿಚ್ಚಿ ನನ್ನ ಫೋನನ್ನೂ ಒಳಗೆ ಸೇರಿಸಿ ಮತ್ತೆ ಹಾಕುತ್ತಾರೆ.

"ಇನ್ನೊಂದು ಮಾತ್ರಿ. ಗಾಡಿ ಹೊಂಟಾಗ ನನ್ನನ್ನ ಏನೂ ಕೇಳಬ್ಯಾಡ್ರಿ. ನಿಂತಾಗ ಕೇಳ್ರಿ, ಹೇಳ್ತೀನಿ."

ಹಾಗಾಗಿ ಓದುಗರೇ, ಈ ಲೇಖನ ನಿಂತು ನಿಂತು ಸಾಗುತ್ತದೆ. ಇದರಲ್ಲಿರುವ ಅವರ ಒಂದೊಂದು ಮಾತೂ ವ್ಯಾನು ನಿಂತಾಗ ಸಿಕ್ಕಿದ್ದು.

ಇವರ ಹೆಸರು ಬನಶಂಕರಮ್ಮ, ವಯಸ್ಸು ನಲವತ್ತೊಂಬತ್ತು. ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳಿಗೆ ಸುತ್ತಲಿನ ಊರುಗಳ ಹೆಂಗಸರನ್ನು ಬೆಳಿಗ್ಗೆ ಒಯ್ದು ಸಂಜೆ ತಂದುಬಿಡುತ್ತಾರೆ. ಡ್ರೈವರ್ ಬಿಟ್ಟು ಹನ್ನೆರಡು ಸೀಟು, ಹನ್ನೆರಡೇ ಜನ. ಹದಿಮೂರನೆಯವರು ಕಾಲಿಗೆ ಬಿದ್ದರೂ ಹತ್ತಿಸುವುದಿಲ್ಲ. ಈ ದಿನ ಒಬ್ಬಾಕೆ ರಜೆ ಹಾಕಿದ್ದರಿಂದ ಮುಂದಿನ ಸೀಟು ನನ್ನ ಪಾಲಿಗೆ ಬಂತು. ದಾರಿಯಲ್ಲಿ ಐದು ಕಡೆ ನಿಲುಗಡೆ, ಒಂದೂವರೆ ಗಂಟೆಯ ಪಯಣ. ಹನ್ನೊಂದು ವರ್ಷದಿಂದ ಇದೇ ದಾರಿ.

ಮೊದಲ ನಿಲುಗಡೆಯಲ್ಲಿ ಮೂವರು ಹತ್ತುತ್ತಾರೆ. ಅವರಲ್ಲಿ ಒಬ್ಬಳು ಭವ್ಯಾ, ಪ್ಯಾಂಟುಗಳ ದಾರ ಕತ್ತರಿಸುವ ಕೆಲಸದವಳು, ಇಪ್ಪತ್ತೆರಡರ ಹುಡುಗಿ. ಡ್ರೈವರ್ ಸೀಟಿನ ಹಿಂದೆ, ಆ ಜೇಬಿನ ಎದುರೇ ಅವಳ ಜಾಗ.

"ಬನಶಂಕರಕ್ಕನ ಗಾಡ್ಯಾಗ ಹಾಡಿಲ್ರಿ, ಜಗಳಿಲ್ರಿ," ಎಂದು ನನಗೆ ವರದಿ ಒಪ್ಪಿಸುತ್ತಾಳೆ. "ನಾವ್ ನಾವು ಮೆಲ್ಲಕ ಮಾತಾಡಬೌದು. ಅಕ್ಕನ್ನ ಮಾತ್ರ ಮಾತಾಡಿಸಂಗಿಲ್ಲ. ಮೊದಮೊದಲು ಇದೇನು ಜೈಲಾ ಅನಿಸಿತ್ರಿ."

ಬನಶಂಕರಮ್ಮ ನಗುವುದಿಲ್ಲ. ಕನ್ನಡಿಯಲ್ಲಿ ಎಲ್ಲರೂ ಕೂತದ್ದನ್ನು ನೋಡಿ ಗೇರು ಹಾಕುತ್ತಾರೆ.

ವ್ಯಾನು ಇವರ ಗಂಡ ಈಶ್ವರಯ್ಯನವರದು. ಮೊದಲು ಅವರೇ ಓಡಿಸುತ್ತಿದ್ದರು, ಆಗ ಬನಶಂಕರಮ್ಮ ಘಟಕವೊಂದರಲ್ಲಿ ಜೇಬು ಕೂರಿಸುತ್ತಿದ್ದರು. ಇಡೀ ಪ್ಯಾಂಟಲ್ಲ, ಬರೀ ಹಿಂದಿನ ಜೇಬು. ದಿನಕ್ಕೆ ಮುನ್ನೂರರಂತೆ ಒಂಬತ್ತು ವರ್ಷ. ಸಕ್ಕರೆ ಕಾಯಿಲೆಯಿಂದ ಗಂಡನ ಕಣ್ಣು ಮಂಜಾದಾಗ, ಅವರೇ ಪಕ್ಕದಲ್ಲಿ ಕೂತು ಹೆಂಡತಿಗೆ ಸ್ಟೇರಿಂಗ್ ಕಲಿಸಿದರು. ಈಶ್ವರಯ್ಯ ತೀರಿಕೊಂಡು ಆರು ವರ್ಷವಾಯಿತು. ಒಬ್ಬಳೇ ಮಗಳು ಶಿರಿಷಾ, ಮದುವೆಯಾಗಿ ಮಡಕಶಿರಾ ಆಚೆಯ ಅಗಳಿಯಲ್ಲಿದ್ದಾಳೆ. ಇಲ್ಲಿಂದ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ.

ಎರಡನೆಯ ನಿಲುಗಡೆಯಲ್ಲಿ ಒಬ್ಬಾಕೆ ಇನ್ನೂ ಬಂದಿಲ್ಲ. ಕಾಯುವ ಹೊತ್ತಿನಲ್ಲಿ ಜೇಬಿನ ಕಥೆ ಕೇಳುತ್ತೇನೆ.

"ಗಾಡಿ ಹಿಡಿದ ಹೊಸದ್ರಾಗ್ರಿ. ಎಲ್ಲಿದ್ದೀರಿ ಅಂತ ಘಟಕದ ಸೂಪರ್‌ವೈಸರ್ ಫೋನು. ಎತ್ತಿ 'ಬಂದೆ ಸಾರ್' ಅಂದೆ. ಅಷ್ಟ್ರೀ ನಾನು ಅಂದಿದ್ದು! ತಲಿ ಎತ್ತಿ ನೋಡಿದ್ರ ಎದುರಿಗೆ ಕುರಿ ಹಿಂಡು. ಬ್ರೇಕ್ ಒತ್ತಿದ್ರೂ ಎರಡು ಕುರಿ ಹೋದವು. ಕುರಿಯಾತ ಮರಿ ಹೊತ್ಕೊಂಡು ಗೇಣು ದೂರದಾಗ ನಿಂತಿದ್ದ."

ಅವನು ದೊಡ್ಡಬೀರಪ್ಪ, ಮಡಕಶಿರಾ ಸೀಮೆಯಿಂದ ಮೇವು ಹುಡುಕಿಕೊಂಡು ಬಂದಿದ್ದ ಕುರಿಗಾಹಿ. ಬಯ್ಯಲಿಲ್ಲವಂತೆ. ವ್ಯಾನಿನೊಳಗೆ ಇಣುಕಿ, ಹೆದರಿ ಕೂತ ಹೆಂಗಸರನ್ನು ನೋಡಿ ಹೇಳಿದ್ದನ್ನು ಬನಶಂಕರಮ್ಮ ಅವನದೇ ಧಾಟಿಯಲ್ಲಿ ಒಪ್ಪಿಸುತ್ತಾರೆ: "'ಕುರಿ ಕಾಯೋನು ಒಂದ್ ಗಳಿಗೆ ಆಚೆ ನೋಡುದ್ರೆ ತೋಳ ಬತ್ತದೆ ಕಣವ್ವ. ನಿನ್ ಹಿಂದೆ ಏಟ್ ಜನ ಅವ್ರೆ, ಎಣಿಸ್ಕಂಡಿದೀಯಾ?'"

ಆ ಸಂಜೆಯೇ ಹಳೆಯ ಪ್ಯಾಂಟಿನ ಜೇಬು ಬಿಚ್ಚಿ, ಕೂತಲ್ಲಿಂದ ಕೈಗೆ ಎಟುಕದ ಕಡೆ ಹೊಲಿದರು. ಒಂದು ಗುಂಡಿ ಸಾಲದೆನಿಸಿ ಮೂರು ಹಾಕಿದರು.

ವ್ಯಾನು ಮತ್ತೆ ಹೊರಡುತ್ತದೆ. ಹಿಂದೆ ಕನ್ನಡ ತೆಲುಗು ಕಲಸಿದ ಪಿಸುಮಾತು ನಡೆದಿದೆ, ಯಾರದೋ ನಾದಿನಿಯ ವಿಷಯಕ್ಕೆ ಎಲ್ಲರೂ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಬನಶಂಕರಮ್ಮನ ಮುಖ ಅಲ್ಲಾಡುವುದಿಲ್ಲ. ಕಣ್ಣು ರಸ್ತೆಗೆ, ಕನ್ನಡಿಗೆ, ಮತ್ತೆ ರಸ್ತೆಗೆ. ಲಾರಿಗಳು ಮೈ ಸವರಿದಂತೆ ದಾಟಿಹೋಗುತ್ತವೆ. ತುಂಬಿದ ಗಾಡಿಯಲ್ಲಿ ಇಷ್ಟು ಒಂಟಿಯಾಗಿ ಕೂತ ಇನ್ನೊಬ್ಬರನ್ನು ನಾನು ನೋಡಿಲ್ಲ.

ಮೂರನೆಯ ನಿಲುಗಡೆಯಲ್ಲಿ ಬೇಜಾರಾಗುವುದಿಲ್ಲವೇ ಎಂದು ಕೇಳಿಯೇ ಬಿಡುತ್ತೇನೆ.

"ಆಗತೈತ್ರಿ. ಯಾಕ ಆಗೂದಿಲ್ಲ? ಹಿಂದ ನಗ್ತಾರ, ಯಾಕ ನಕ್ಕರು ಅಂತ ನನಗ ಗೊತ್ತಾಗೂದಿಲ್ಲ. ಇವರನ್ನ ಇಳಿಸಿ ಖಾಲಿ ಗಾಡಿ ತಗೊಂಡು ಮನಿಗೆ ಹೋಗ್ತೀನಿ. ಅಲ್ಲೂ ಯಾರಿಲ್ಲ. ದಿನಕ್ಕ ನಾಕು ಮಾತು ಆಡಿದ್ರ ಹೆಚ್ಚು. ಇವತ್ತು ನೀವು ಬಂದೀರಿ ಅಂತ ಒಂದು ತಿಂಗಳಿಂದು ಒಮ್ಮೆಲೇ ಆಡಾಕತ್ತೀನಿ."

ಮಗಳು ಫೋನು ಮಾಡುವುದಿಲ್ಲವೇ? ಬನಶಂಕರಮ್ಮ ಸ್ಟೇರಿಂಗಿನ ಮೇಲಿಲ್ಲದ ದೂಳನ್ನು ಒರೆಸುತ್ತಾರೆ. ಉತ್ತರ ಬರುವುದು ನಾಲ್ಕನೆಯ ನಿಲುಗಡೆಯಲ್ಲಿ, ನಾನು ಮತ್ತೆ ಕೇಳದೆಯೇ.

ಶಿರಿಷಾಳ ಕರೆಗೆ ಆ ಫೋನಿನಲ್ಲಿ ಬೇರೆಯದೇ ಸದ್ದಿದೆ: ಹುಂಜದ ಕೂಗು. ಅವ್ವ ಕೋಳಿ ಕೂಗುವ ಮುಂಚೆ ಏಳುತ್ತಾಳೆಂದು ಮಗಳೇ ತಮಾಷೆಗೆ ಹಾಕಿಕೊಟ್ಟದ್ದು. ಎರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಈ ಜೇಬಿನೊಳಗೆ ಹುಂಜ ಮೂರು ಸಲ ಕೂಗಿತು. ಮಗಳಿಗಾಗ ಎಂಟು ತಿಂಗಳು. ಮುಂದಿನ ವಾರ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು.

"ಸಾರಿಗೆ ಉಪ್ಪು ಜಾಸ್ತಿ ಆದ್ರೂ ಫೋನ್ ಮಾಡಾಕಿರಿ ಅಕಿ. ಅಂಥದ್ದೇ ಏನೋ ಇರಬೇಕು ಅಂತ ರಾಯದುರ್ಗದತನ ಬಂದುಬಿಟ್ಟೆ. ಜೇಬು ಬಿಚ್ಚಿ ಮಾಡಿದ್ರ ಅಳಿಯ ಎತ್ತಿದ. ನೋವು ಕಾಣಿಸಿಕೊಂಡು ಆಪರೇಷನ್‌ಗೆ ಒಳಗ ಕರ್ಕೊಂಡು ಹೋಗ್ಯಾರ. ಅದಕ್ಕ ಮುಂಚಿ ನನ್ನ ದನಿ ಕೇಳಬೇಕು ಅಂತ ಮೂರು ಸಲ ಮಾಡ್ಯಾಳ್ರಿ."

ತಾಯಿ, ಮಗು ಇಬ್ಬರಿಗೂ ಏನೂ ಆಗಲಿಲ್ಲ. ಹೆಣ್ಣುಮಗು, ಈಗ ಓಡಾಡುತ್ತದೆ. ಸಂಜೆ ಆಸ್ಪತ್ರೆ ಮುಟ್ಟಿದ ಅವ್ವನನ್ನು ಕಂಡು ಶಿರಿಷಾ ಗೋಡೆಯತ್ತ ಹೊರಳಿದಳು. "ನೀನು ಆ ಹನ್ನೆರಡು ಮಂದಿಗೆ ಅವ್ವ, ನನಗಲ್ಲ" ಅಂದಳು. ಬಾಣಂತನ ಗಂಡನ ಮನೆಯಲ್ಲೇ ಆಯಿತು. ಆಮೇಲೆ ಹುಂಜ ಕೂಗಿಲ್ಲ. ಇವರು ಮಾಡಿದರೆ ಅಳಿಯ ಎತ್ತಿ, ಮಲಗಿದ್ದಾಳೆ ಅನ್ನುತ್ತಾನೆ.

"ಫೋನ್ ಎತ್ತದ ಇದ್ದದ್ದು ತಪ್ಪಲ್ರಿ. ಅದನ್ನ ಈಗ್ಲೂ ಹೇಳ್ತೀನಿ. ಜಾಗ ನೋಡಿ ಗಾಡಿ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅದು ತಪ್ಪು. ಬಾಳ ದೊಡ್ಡ ತಪ್ಪು."

ಶಿರಿಷಾ ಈಗ ಮಡಕಶಿರಾದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಏಳು ದಾಟಿದ ಮೇಲೆ ಅಗಳಿಯಿಂದ ಸ್ಕೂಟಿಯಲ್ಲಿ ಹೊರಡುತ್ತಾಳೆಂದು ಅಳಿಯನೇ ಹೇಳಿದ್ದು. ಅದನ್ನು ಕೇಳಿದ ದಿನದಿಂದ, ಸ್ಕೂಟಿಯ ಮೇಲೂ ಫೋನು ಎತ್ತುತ್ತಾಳೋ ಏನೋ ಎಂದು ಅವ್ವನಿಗೆ ಎದೆಯೊಳಗೆ ಅವಲಕ್ಕಿ ಕುಟ್ಟುತ್ತಿದೆ. ಸೊಂಟಕ್ಕೆ ಕಟ್ಟಿಕೊಂಡರೆ ಬೆನ್ನ ಹಿಂದೆ ಬರುವಂಥ ಜೇಬೊಂದನ್ನು ಹೊಲಿದು, ಅದಕ್ಕೂ ಮೂರು ಗುಂಡಿ ಹಾಕಿ, ಕೆಲಸದ ಮೇಲೆ ರಾಯದುರ್ಗಕ್ಕೆ ಬಂದಿದ್ದ ಅಳಿಯನ ಕೈಲಿ ಕಳಿಸಿದ್ದಾರೆ. ಅದಾಗಿ ಆರು ತಿಂಗಳು.

"ಕಟ್ಕೊಂಡಾಳೋ ಒಲಿಗೆ ಹಾಕ್ಯಾಳೋ, ಗೊತ್ತಿಲ್ರಿ. ಮಾತಾಡದಿದ್ರ ಬ್ಯಾಡ. ರಾಯದುರ್ಗದಾಗ ಜೇಬು ಬಿಚ್ಚಿದಾಗ ಅಕಿದೊಂದು ಮಿಸ್ ಕಾಲ್ ಇದ್ರ ಸಾಕು."

ಐದನೆಯ ನಿಲುಗಡೆ ಇನ್ನೂ ಎರಡು ಕಿಲೋಮೀಟರ್ ಇದೆ. ರಸ್ತೆ ಇಲ್ಲಿ ಏರಿಯ ಮೇಲೆ ಹೋಗುತ್ತದೆ, ಎರಡೂ ಬದಿಗೆ ತಗ್ಗು, ಪಕ್ಕಕ್ಕೆ ಸರಿಯಲು ಒಂದು ಮಾರು ಜಾಗವಿಲ್ಲ. ಹಿಂದೆಯೇ ಲೋಡು ಲಾರಿಯೊಂದು ಬರುತ್ತಿದೆ.

ಆಗ ಹುಂಜ ಕೂಗುತ್ತದೆ.

ಹಿಂದೆ ಕೂತವರು ಜೇಬಿನತ್ತ ಬಾಗುತ್ತಾರೆ. ವ್ಯಾನಿನಲ್ಲಿದ್ದ ಎಲ್ಲರಿಗೂ ಆ ಸದ್ದು ಯಾರದೆಂದು ಗೊತ್ತು, ಈಗ ನನಗೂ ಗೊತ್ತು. ಭವ್ಯಾ ತಡೆಯಲಾರದೆ ಕಟ್ಟಳೆ ಮುರಿಯುತ್ತಾಳೆ.

"ಅಕ್ಕಾ! ಶಿರಿಷಕ್ಕ! ಗುಂಡಿ ಬಿಚ್ಲೇನ್ರಿ? ನಾನು ಎತ್ತಿ ಕಿವಿಗೆ ಹಿಡೀತೀನಿ!"

ಬನಶಂಕರಮ್ಮ ತಲೆ ಅಲ್ಲಾಡಿಸುತ್ತಾರೆ. ಅಷ್ಟೇ, ಒಂದೇ ಸಲ. ಎಡಗಡೆಯ ಇಂಡಿಕೇಟರ್ ಹಾಕಿ ವೇಗ ತಗ್ಗಿಸುತ್ತಾ ಬರುತ್ತಾರೆ. ಲಾರಿ ಹಾರ್ನ್ ಹೊಡೆಯುತ್ತದೆ. ಹುಂಜ ಸುಮ್ಮನಾಗಿ, ಮತ್ತೆ ಕೂಗಿ, ಮತ್ತೆ ಸುಮ್ಮನಾಗುತ್ತದೆ. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿದೆ, ಒರೆಸಿಕೊಳ್ಳಲೂ ಕೈ ಎತ್ತುವುದಿಲ್ಲ. ಎತ್ತಿಬಿಡಿ ತಾಯಿ ಎಂದು ಕೂಗಬೇಕೆನಿಸಿ ನಾನು ತುಟಿ ಕಚ್ಚಿ ಕೂತಿದ್ದೇನೆ.

ಏರಿ ಮುಗಿದಲ್ಲಿ ಬೇವಿನ ಮರ, ಅಗಲವಾದ ಜಾಗ. ವ್ಯಾನು ಪೂರ್ತಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಇಳಿದು, ಹಿಂದಿನ ಬಾಗಿಲು ತೆಗೆದು ಗುಂಡಿ ಬಿಚ್ಚುತ್ತಾರೆ. ಮೂರನೆಯದು ಬೇಗ ಬಿಚ್ಚಿಕೊಳ್ಳುವುದಿಲ್ಲ.

"ಭವ್ಯಾ ಬೇಜಾರ್ ಮಾಡ್ಕೋಬ್ಯಾಡವಾ," ಅನ್ನುತ್ತಾರೆ. "ಕಿವಿ ಅಕಿ ಹತ್ರ ಹೋದ್ರ ಕಣ್ಣು ರೋಡಿನ ಮ್ಯಾಲೆ ಇರೂದಿಲ್ಲ."

ಶಿರಿಷಾಳ ಎರಡು ಮಿಸ್ ಕಾಲ್. ಅವ್ವ ಆ ಹೊತ್ತಿಗೆ ಸ್ಟೇರಿಂಗ್ ಹಿಡಿದಿರುತ್ತಾಳೆ, ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮಾಡಿದ ಕರೆಗಳು. ಬನಶಂಕರಮ್ಮ ತಿರುಗಿ ಮಾಡುತ್ತಾರೆ. ಫೋನು ರಿಂಗಾಗುತ್ತದೆ, ಆಗುತ್ತಲೇ ಇರುತ್ತದೆ. ಹೆಂಗಸರೆಲ್ಲ ಆ ಫೋನಿನತ್ತಲೇ ನೋಡುತ್ತಿದ್ದಾರೆ. ಕೊನೆಗೆ ಅದು ತಾನಾಗಿಯೇ ನಿಲ್ಲುತ್ತದೆ.

"ಇನ್ನೊಂದ್ ಸಲ ಮಾಡ್ರಿ ಅಕ್ಕಾ," ಅನ್ನುತ್ತಾಳೆ ಭವ್ಯಾ.

ಬನಶಂಕರಮ್ಮ ಫೋನಿನಲ್ಲಿ ಹೊತ್ತು ನೋಡುತ್ತಾರೆ. ಏಳೂಕಾಲು.

"ಬ್ಯಾಡವಾ. ಹೊರಡೂ ಮುಂಚಿ ಮಾಡ್ಯಾಳ. ಈಗ ಅಗಳಿ ಬಿಟ್ಟು ರೋಡಿನ ಮ್ಯಾಲೆ ಇರ್ತಾಳ. ರಿಂಗ್ ಆದ್ರ ಲಕ್ಷ್ಯ ಈ ಕಡಿ ಬರತೈತಿ."

ಫೋನು ಜೇಬಿಗೆ ಹೋಗುತ್ತದೆ. ಮೂರೂ ಗುಂಡಿ ಹಾಕಿ ಅವರು ತಮ್ಮ ಸೀಟಿಗೆ ಬಂದು ಬೆಲ್ಟ್ ಎಳೆದುಕೊಳ್ಳುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು, ಕೀಲಿ ತಿರುಗಿಸುವ ಮುಂಚೆ, ವ್ಯಾನು ಇನ್ನೂ ನಿಂತಿರುವಾಗಲೇ ನನ್ನತ್ತ ತಿರುಗುತ್ತಾರೆ.

"ಎತ್ತಲಿಲ್ಲ ನೋಡ್ರಿ. ಗುಂಡಿ ಹಾಕ್ಯಾಳ ನನ್ನ ಮಗಳು."