ಕುಸುಬಿ ಹೂವೂ ನನ್ನ ಹೆಬ್ಬೆರಳೂ

ಮನುಷ್ಯನ ಹೆಬ್ಬೆರಳು ಅವನಿಗಿಂತ ಮೊದಲೇ ನಿವೃತ್ತಿಯಾಗಬೇಕು ಎಂಬುದು ನನ್ನ ಈಚಿನ ಸಂಶೋಧನೆ. ಸೊಲ್ಲಾಪುರದ ಪೇಟೆಯಲ್ಲಿ ನಲವತ್ತು ವರ್ಷ ಚಾದರ ಮಾರಿದವನು ನಾನು. ಹೊಸ ಮಾಲು ಬಂದೊಡನೆ ಹೆಬ್ಬೆರಳನ್ನು ನಾಲಗೆಗೆ ತಾಗಿಸಿ, ಚಾದರದ ಅಂಚನ್ನು ತಿಕ್ಕಿ, ಬಣ್ಣ ಬಿಡುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ನಿತ್ಯಕರ್ಮವಾಗಿತ್ತು. ಅಂಗಡಿಯನ್ನು ಮಗನಿಗೊಪ್ಪಿಸಿ ನಾನು ಮನೆಗೆ ಬಂದೆ. ಹೆಬ್ಬೆರಳು ಮಾತ್ರ ಇನ್ನೂ ಅಂಗಡಿಯ ಗಾದಿಯ ಮೇಲೆಯೇ ಕೂತಿದೆ.

ಮನೆ ಸೇರಿದವನ ಅವಸರ ಅಡುಗೆಮನೆಗೂ ಹಬ್ಬಿ, ಕುದಿಯುವ ಮೊದಲೇ ಚಹಾ ಸೋಸಲು ಹೊರಟಾಗ, ಹೆಂಡತಿ ನೀಲವ್ವ ನನ್ನನ್ನು ಓಣಿಯ ತುದಿಯ ಜಲವರ್ಣ ಚಿತ್ರದ ತರಗತಿಗೆ ಸೇರಿಸಿಬಂದಳು. ಕಲಿಸುವಾಕೆ ನನ್ನ ಮಗಳ ವಯಸ್ಸಿನ ಮರಾಠಿ ಹೆಣ್ಣುಮಗಳು. ಹೂವನ್ನು ಚಿತ್ರಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಏನನ್ನೂ ಮಾಡದೆ ಕೂಡುವುದೇ ಎಂದು ನನಗೆ ಯಾರೂ ಮುನ್ಸೂಚನೆ ಕೊಟ್ಟಿರಲಿಲ್ಲ, ಸ್ವಾಮಿ! ದಳಕ್ಕೆ ತೆಳುವಾಗಿ ಬಣ್ಣ ಬಳಿಯಬೇಕು. ಅದು ಒಣಗುವ ತನಕ ಕೈಕಟ್ಟಿ ಕೂಡಬೇಕು. ಆಮೇಲೆ ಇನ್ನೊಂದು ಪದರ. ನನ್ನ ಹೆಬ್ಬೆರಳಿಗೆ ಈ ಶಾಸ್ತ್ರ ಸಮ್ಮತವಾಗಲಿಲ್ಲ. ಬಣ್ಣ ಕಂಡದ್ದೇ ತಡ, ಅದು ನಾಲಗೆಗೆ ಹೋಗಿ ನೇರ ದಳದ ಮೇಲೆ ಇಳಿಯುತ್ತಿತ್ತು. "ಕಾಕಾ, ಥಾಂಬಾ, ನಿಲ್ರಿ! ಇನ್ನಾ ಹಸಿ ಅದ ರೀ!" ಎಂದು ಆಕೆ ಕೂಗುವಷ್ಟರಲ್ಲಿ ದಾಸವಾಳದ ಅರ್ಧ ಮುಖ ಒರಸಿಹೋಗಿರುತ್ತಿತ್ತು. ನನ್ನ ಗುಲಾಬಿ, ಸೇವಂತಿ, ಚೆಂಡು ಹೂಗಳಲ್ಲಿ ಸ್ಪಷ್ಟವಾಗಿ ಗುರುತು ಹಿಡಿಯಬಹುದಾದ ಏಕೈಕ ಅಂಗ ನನ್ನ ಹೆಬ್ಬೆಟ್ಟು. ದಿನಕ್ಕೊಂದು ಬಣ್ಣದ ನಾಲಗೆ ಹೊತ್ತು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಅಕ್ಕಲಕೋಟದ ಆಚೆಯ ನಾಗಣಸೂರಿನಿಂದ ಹೆಂಡತಿಯ ಅಣ್ಣ ಬಂದರು. ಕಾಗದದಲ್ಲಿ ಸುತ್ತಿ ಒಂದೇ ಒಂದು ಕುಸುಬಿ ಟೊಂಗೆ ತಂದಿದ್ದರು. "ಮುಳ್ಳಿಗೆ ಹೆದರಿ ಯಾರೂ ಕೊಯ್ಯಾಕ ಬರಂಗಿಲ್ಲ ತಂಗಿ. ಬರೂ ವರ್ಷದಿಂದ ಕುಸುಬಿ ಬಂದ್. ಇದ ನೋಡು ನಮ್ಮ ಹೊಲದ ಕಡೀ ಹೂ," ಎಂದರು. ಅವರು ಹೋದ ಮೇಲೆ ನೀಲವ್ವ ಅದನ್ನು ಲೋಟದಲ್ಲಿ ನಿಲ್ಲಿಸಿ ನನ್ನ ಮುಂದೆ ತಂದಿಟ್ಟಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಬೇಡದವಳು, "ಬಾಡೂದ್ರಾಗ ಇದೊಂದು ನನಗ ಬರದ ಕೊಡ್ರಿ. ನಿಮ್ಮ ಬೆರಳ ಗುರ್ತಿಲ್ದಂಗ," ಎಂದಳು.

ಹೇಗೋ ಹಳದಿ ಬಳಿದೆ. ಅದು ಒಣಗಿದರೆ ತಾನೇ ಮೇಲೆ ಕೇಸರಿ ಹಚ್ಚುವುದು! ಹೆಬ್ಬೆರಳು ಆಗಲೇ ತುಟಿಯ ಕಡೆ ಹೊರಟಿತ್ತು. ನೀಲವ್ವ ಅದನ್ನು ಗಪ್ಪನೆ ಮುಷ್ಟಿಯಲ್ಲಿ ಹಿಡಿದು ಪಕ್ಕದಲ್ಲೇ ಕೂತಳು.

"ನನ್ನ ನೋಡಾಕ ಬಂದಾಗೂ ಹಿಂಗ ಮಾಡಿದ್ರಿ," ಎಂದು ಶುರು ಮಾಡಿದಳು. "ನೀರಿನ ತಂಬಿಗಿ ಇಡಾಕ ಬಗ್ಗಿದೆ, ಸೆರಗು ನಿಮ್ಮ ಮಳಕಾಲ ಮ್ಯಾಲ ಬಿತ್ತು. ನನ್ನ ಮಾರಿ ನೋಡೂದು ಬಿಟ್ಟು, ಬೆರಳು ತಂಬಿಗ್ಯಾಗ ಅದ್ದಿ ಸೀರಿ ತಿಕ್ಕಿದ್ರಿ. ಬಣ್ಣಾ ಬಿಟ್ಟೇಬಿಡ್ತು! ಸೊಲ್ಲಾಪುರದ ಮಂದಿ ಬರ್ತಾರಂತ ಅಪ್ಪ ಪಾಪ ಹೊಸಾ ಸೀರಿ ತಂದಿದ್ದ. ಇವರು ಎಲ್ಲಾರ ಮುಂದ ಅಂದೇಬಿಡ್ತಾರ, ಅಪ್ಪನ ಮಾನ ಹೋಗ್ತದ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ನೀವು ಬೆರಳು ಕಿಸೆದಾಗ ಇಟ್ಕೊಂಡು ಸುಮ್ಮ ಕೂತ್ರಿ. ಅದಕ್ಕ ನಾ ಒಳಗ ಹೋಗಿ ಅವ್ವಗ ಹೂಂ ಅಂದೆ."

ಈ ಕತೆಯನ್ನು ಆಕೆ ಹಿಂದೆ ಎಷ್ಟೋ ಸಲ ಆರಂಭಿಸಿದ್ದುಂಟು. ಸೆರಗಿನವರೆಗೆ ಬರುವಷ್ಟರಲ್ಲಿ ನಾನು "ಗೊತ್ತದ ಬಿಡು" ಎಂದು ಎದ್ದುಹೋಗುತ್ತಿದ್ದೆ. ಕೊನೆಯನ್ನು ಕೇಳಿದ್ದು ಇದೇ ಮೊದಲು.

ಓದುಗ ಮಿತ್ರರೇ, ನಿಜವನ್ನು ನಿಮಗೆ ಮಾತ್ರ ಹೇಳುತ್ತೇನೆ. ಅಂದು ನಾನು ಮೌನವಾಗಿದ್ದುದು ಔದಾರ್ಯದಿಂದಲ್ಲ. ತಟ್ಟೆ ಕೈಗೆ ಬಂದದ್ದೇ ಕೊತಕೊತ ಬಿಸಿ ಶಿರಾ ಬಾಯಿತುಂಬ ತುರುಕಿಕೊಂಡು ನಾಲಗೆ ಸುಟ್ಟುಕೊಂಡಿದ್ದೆ, ಮಾತು ಹೊರಡುವುದೆಲ್ಲಿಂದ? ಬೆರಳು ಕಿಸೆಗೆ ಹೋದದ್ದು ನಮ್ಮಪ್ಪ ನೋಡಿದರೆ ಬೈದಾರೆಂಬ ಹೆದರಿಕೆಗೆ. ಇದನ್ನು ಒದರಿಬಿಡಬೇಕೆಂದು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಆಕೆಯ ಮುಖ ನೋಡಿದೆ. ನಗುತ್ತಿದ್ದಳು, ಕಣ್ಣುಗಳೂ ತುಂಬಿದ್ದವು. ನನಗೆ ಎಂದೂ ಇಲ್ಲದಷ್ಟು ಪ್ರೀತಿಯುಕ್ಕಿ ಬಂತು. ಬಾಯಿ ಮುಚ್ಚಿಕೊಂಡೆ.

"ಒಣಗ್ಯದ ನೋಡ್ರಿ, ಕೇಸರಿ ಹಚ್ರಿ," ಎಂದು ಆಕೆ ನನ್ನ ಬೆರಳನ್ನು ಬಿಟ್ಟಳು.

"ಇರ್ಲಿ, ಇನ್ನೊಂದೀಟು ಒಣಗ್ಲಿ," ಎಂದು ನಾನು ಅದನ್ನು ಮರಳಿ ಅವಳ ಮುಷ್ಟಿಯೊಳಗೇ ಇಟ್ಟೆ.